ಗೋಡೆಯ ಕಡೆ ತಿರುಗಿದ ದೀಪ

ಒಂದು ಫೋಟೊ ಸ್ಟುಡಿಯೋದಲ್ಲಿ ದೊಡ್ಡದೊಂದು ದೀಪವೂ ಅದರೆದುರು ಒಂದು ಕನ್ನಡಿಯೂ ಬಹಳ ಕಾಲದಿಂದ ಜೊತೆಗಿದ್ದವು. ಪ್ರತಿ ಫೋಟೊ ಮುಗಿದಾಗಲೂ ಕನ್ನಡಿ ದೀಪದ ತಪ್ಪು ಎತ್ತಿ ಹೇಳುತ್ತಿತ್ತು: ಮೂಗಿನ ನೆರಳು ತುಟಿಗೆ ಬಿತ್ತು, ಕಣ್ಣು ಕಿರಿದಾಯಿತು. ಕೇಳಿ ಕೇಳಿ ದೀಪ ಬೇಸತ್ತಿತ್ತು. ಇನ್ನಷ್ಟು ಪ್ರಖರವಾಗಿ ಉರಿಯುವುದೊಂದೇ ಅದಕ್ಕೆ ಗೊತ್ತಿದ್ದ ಉತ್ತರ.

ಒಂದು ಸಂಜೆ ದಾನಮ್ಮ ಎಂಬ ಮುದುಕಿ ಬಂದಳು. ಮುಖದ ತುಂಬ ಸಿಡುಬಿನ ಕಲೆ. ಈವರೆಗೆ ಫೋಟೊ ತೆಗೆಸಿಕೊಂಡವಳೇ ಅಲ್ಲ. ದೀಪ ತನ್ನ ಶಕ್ತಿಯನ್ನೆಲ್ಲ ಹಾಕಿ ಅವಳ ಮೇಲೆ ಬೆಳಕು ಸುರಿಯಿತು. ಎದುರಿನ ಕನ್ನಡಿಯಲ್ಲಿ ಒಂದೊಂದು ಕಲೆಯೂ ಗುಳಿಯಂತೆ ಕಂಡಿತು. ದಾನಮ್ಮ ಸೆರಗು ಎಳೆದುಕೊಂಡು, “ನನ್ನ ಮುಖಕ್ಕೆ ಇದೆಲ್ಲ ಒಗ್ಗುವುದಿಲ್ಲ ಬಿಡಪ್ಪ” ಎಂದು ಫೋಟೊ ತೆಗೆಯುವವನಿಗೆ ಹೇಳಿ ಎದ್ದಳು.

“ಇನ್ನೇನು ಮಾಡಲಿ ಕನ್ನಡಿಯಕ್ಕ? ನನ್ನಲ್ಲಿದ್ದುದನ್ನೆಲ್ಲ ಕೊಟ್ಟೆ” ಎಂದಿತು ದೀಪ.

“ಕೊಟ್ಟದ್ದೇ ಹೆಚ್ಚಾಯಿತು ದೀಪಣ್ಣ. ಗೋಡೆಯ ಕಡೆ ತಿರುಗು.”

ವಾದಿಸಲು ದೀಪಕ್ಕೆ ತ್ರಾಣವಿರಲಿಲ್ಲ. ಕತ್ತು ಹೊರಳಿಸಿತು. ಬೆಳಕು ಬಿಳಿಗೋಡೆಗೆ ತಾಗಿ, ಮೆತ್ತಗಾಗಿ, ಪಕ್ಕದಿಂದ ಬಂದು ದಾನಮ್ಮನ ಕೆನ್ನೆ ಮುಟ್ಟಿತು. ಅವಳು ಮತ್ತೊಮ್ಮೆ ಕನ್ನಡಿ ನೋಡಿದಳು. ನಿಧಾನವಾಗಿ ಸ್ಟೂಲಿನ ಮೇಲೆ ಓರೆಯಾಗಿ ಕೂತಳು. ಬಿಗಿದಿದ್ದ ಹೆಗಲು ತಾನಾಗಿ ಇಳಿಯಿತು. ಕಲೆಗಳು ಅಲ್ಲೇ ಇದ್ದವು. ಅವುಗಳ ನಡುವೆ ಒಂದು ನಗುವೂ ಕಂಡಿತು. ಫೋಟೊ ಆಯಿತು.

ಅವಳು ಹೋದ ಮೇಲೆ ದೀಪ ದಣಿದ ದನಿಯಲ್ಲಿ, “ಇವತ್ತಿನ ತಪ್ಪು ಹೇಳಿಬಿಡು, ಮಲಗುತ್ತೇನೆ” ಎಂದಿತು.

“ನೀನಿದ್ದದ್ದೇ ಮರೆತುಹೋಗಿತ್ತು ದೀಪಣ್ಣ” ಎಂದಿತು ಕನ್ನಡಿ. “ನಾನು ಅವಳನ್ನೇ ನೋಡುತ್ತಿದ್ದೆ.”