ಹುಲ್ಲು ಹೂ ಬಿಟ್ಟಾಗ ಸೀನು ಬರುವುದೇಕೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಹೊಳೆಗಳು ತಮ್ಮ ದಾರಿ ಹುಡುಕುತ್ತಿದ್ದವು. ಆ ಕಾಲದಲ್ಲಿ ಮನುಷ್ಯರಿಗೆ ಸೀನುವುದು ಗೊತ್ತಿರಲಿಲ್ಲ.

ಆಗ ದ್ಯಾವಿ ಎಂಬ ಹುಡುಗಿಯಿದ್ದಳು. ಅವಳ ಮೂಗಿನೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಮೂವರು ವಾಸವಾಗಿದ್ದರು. ಗೋಡೆಯಜ್ಜಿ ಮೂಗಿನ ಗೋಡೆಗೆಲ್ಲ ಹರಡಿಕೊಂಡು ಮಲಗಿದ್ದಳು. ಏನು ತಾಕಿದರೂ ಅವಳಿಗೇ ಮೊದಲು ತಿಳಿಯುತ್ತಿತ್ತು. ಬೈರ ಅವಳ ಮಾತನ್ನು ಹೊತ್ತು ತಿರುಗುತ್ತಿದ್ದ. ಹೊನ್ನಿ ಕಾವಲಿನವಳು. ಅವಳ ಸೊಂಟದಲ್ಲಿ ಉರಿನೀರಿನ ಚೀಲವಿತ್ತು. ಒಳಗೆ ಕತ್ತಲೆಯಾದ್ದರಿಂದ ಬಂದವರು ಯಾರೆಂದು ಹೊನ್ನಿಗೆ ಕಾಣುತ್ತಿರಲಿಲ್ಲ. ಬೈರ ಹೇಳಿದ್ದೇ ಅವಳಿಗೆ ಸುದ್ದಿ.

ಒಂದು ದಿನ ದ್ಯಾವಿ ಮರದ ಕೆಳಗೆ ಮಲಗಿದ್ದಾಗ ಒಂದು ಹುಳ ಮೂಗಿನೊಳಗೆ ಹೊಕ್ಕಿತು.

"ಬೈರಾ, ಏನೋ ಕೊರೀತಾ ಇದೆ ಕಣೋ," ಎಂದಳು ಗೋಡೆಯಜ್ಜಿ.

ಬೈರ ನಿಧಾನವಾಗಿ ನಡೆದು ಹೊರಟ. ದಾರಿಯಲ್ಲಿ ನಿಂತು ಅದು ಏನಿರಬಹುದೆಂದು ಯೋಚಿಸಿದ. ಹೊನ್ನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹುಳ ಆಳಕ್ಕೆ ಇಳಿದಿತ್ತು. ಮೂರು ದಿನ ದ್ಯಾವಿ ಉಸಿರಿಗಾಗಿ ಒದ್ದಾಡಿದಳು. ಹೊನ್ನಿ ಬೊಗಸೆ ಬೊಗಸೆಯಾಗಿ ಉರಿನೀರು ಎರಚಿದಳು. ಮೂರನೆಯ ಸಂಜೆ ಹುಡುಗಿಯ ಮೈ ಒಮ್ಮೆ ಜೋರಾಗಿ ನಡುಗಿ, ಹುಳ ದೂರ ಹೋಗಿ ಬಿತ್ತು.

"ಅಯ್ಯೋ ಮಗಳೇ, ನಿನ್ನ ತಲೆಯೊಳಗೆ ಗುಡುಗಿತಲ್ಲೇ!" ಎಂದು ಅವಳ ಅವ್ವ ಹೆದರಿ ಎದ್ದು ನಿಂತಳು.

ಅದೇ ಮೊದಲ ಸೀನು.

ಗೋಡೆಯಜ್ಜಿ ಬೈರನನ್ನು ಕರೆದಳು. "ಇನ್ನು ಮೇಲೆ ನಡೀಬೇಡ, ಓಡು. ಯೋಚನೆ ಮಾಡಬೇಡ, ಕೂಗು. ಹೊನ್ನಿಗೂ ಕೂಗು, ರಕ್ತದ ಹೊಳೆಯಲ್ಲಿರೋ ಕಾವಲಿನವರಿಗೂ ಕೂಗು."

ಬೈರ ತಲೆಯಾಡಿಸಿದ.

ಮಳೆಗಾಲ ಮುಗಿಯಿತು. ಬಯಲಿನ ಹುಲ್ಲೆಲ್ಲ ಹೂ ಬಿಟ್ಟಿತು. ಗಾಳಿ ಆ ಹೂವಿನ ಧೂಳನ್ನು ಹೊತ್ತು ಅಡ್ಡಾಡುವಾಗ ಒಂದು ಕಣ ಜಾರಿ ದ್ಯಾವಿಯ ಮೂಗಿನೊಳಗೆ ಬಿತ್ತು.

"ಅಜ್ಜೀ, ನಾನು ಹುಲ್ಲಿನ ಮಗಳು," ಎಂದಿತು ಕಣ. "ದಾರಿ ತಪ್ಪಿ ಬಂದೆ. ಒಂದು ಗಳಿಗೆ ಕೂತು ಹೋಗ್ತೀನಿ."

ಅದು ತಾಕುತ್ತಲೇ ಗೋಡೆಯಜ್ಜಿ ಬೆಚ್ಚಿದಳು. ಅವಳು ಬೆಚ್ಚಿದ್ದೇ ತಡ, ಬೈರ ಓಡಿದ. "ಹುಳ! ಹುಳ!"

ಹೊನ್ನಿ ಚೀಲದ ಬಾಯಿ ಬಿಚ್ಚಿ ಸುರಿದಳು. ದ್ಯಾವಿ ಹನ್ನೊಂದು ಸಲ ಸೀನಿದಳು. ಕಣ್ಣು, ಮೂಗು ಎರಡೂ ಸುರಿದವು. ರಕ್ತದ ಹೊಳೆಯ ಕಾವಲಿನವರು ಗುಂಪುಗುಂಪಾಗಿ ಬಂದರು. ಹುಡುಕಿದರೆ ಹುಳವಿಲ್ಲ. ಆದರೂ ಕೂಗು ನಿಂತಿರಲಿಲ್ಲ, ಹಾಗಾಗಿ ಅವರೂ ಹೋಗಲಿಲ್ಲ. ಅಷ್ಟು ಜನ ತುಂಬಿಕೊಂಡು ಮೂಗು ಊದಿ ಕಟ್ಟಿತು. ಹುಡುಗಿ ಬಾಯಲ್ಲೇ ಉಸಿರಾಡಿದಳು.

ಹೊನ್ನಿ ಕೈಯಾಡಿಸಿ ನೋಡಿದಳು. ಒದ್ದೆಯಾಗಿ ಮುದುಡಿದ ಕಣವೊಂದು ಸಿಕ್ಕಿತು.

"ಇದು ಹುಳ ಅಲ್ಲವಲ್ಲೋ ಬೈರಾ?"

"ಅಲ್ಲ," ಎಂದ ಬೈರ. "ಕೂಗಿದ ಮೇಲೆ ಗೊತ್ತಾಯ್ತು."

ಗಾಳಿ ಮೂಗಿನ ಬಾಗಿಲಿಗೆ ಬಂತು. "ಆ ಹುಲ್ಲಿನ ಮಗಳನ್ನ ತಂದೋನು ನಾನು ಕಣವ್ವ. ತಪ್ಪು ನಂದು. ಮುಂದಿನ ಸಲ ನೀರು ಸುರಿಯೋ ಮುಂಚೆ ಒಂದು ಕ್ಷಣ ತಡೆದು, ಯಾರು ಅಂತ ಕೇಳು."

ಹುಡುಗಿ ಒದ್ದಾಡಿದ ಆ ಮೂರು ದಿನ ಹೊನ್ನಿಗೆ ಮರೆತಿರಲಿಲ್ಲ.

"ಕೇಳೋದ್ರೊಳಗೆ ಹುಳ ಒಳಗೆ ಹೋಗಿರುತ್ತೆ ಗಾಳಿಯಪ್ಪಾ," ಎಂದಳು. "ಹುಲ್ಲಿಗೆ ಮಕ್ಕಳು ಲೆಕ್ಕವಿಲ್ಲದಷ್ಟು. ನನಗಿರೋಳು ಒಬ್ಬಳೇ."

ಗಾಳಿ ಬಯಲಿನ ಕಡೆ ಹೊರಟುಹೋಯಿತು. ಹೊನ್ನಿ ಚೀಲ ತುಂಬಿಸಿಕೊಳ್ಳಲು ಕೂತಳು.

ಅದಕ್ಕೇ ಇವತ್ತಿಗೂ ಹುಲ್ಲು ಹೂ ಬಿಟ್ಟ ಬಯಲಿನಲ್ಲಿ ಆಡುವಾಗ ಕೆಲವು ಮಕ್ಕಳು ಸಾಲುಸಾಲಾಗಿ ಸೀನುತ್ತಾರೆ, ಮೂಗು ಕಟ್ಟಿಕೊಂಡು ಕಣ್ಣು ಉಜ್ಜಿಕೊಳ್ಳುತ್ತಾರೆ, ಒಳಗೆ ಯಾವ ಹುಳವೂ ಇಲ್ಲದಿದ್ದರೂ.