ಮುಳುಗಿದ ಪಟ್ಟಣದ ಕಲ್ಲು

ಹೊಳೆ ಕಡಲಿಗೆ ಸೇರುವ ಅಳಿವೆಯ ದಂಡೆಯಲ್ಲಿ ದುಗ್ಗಪ್ಪ ಗುರುಗಳ ಆಶ್ರಮವಿತ್ತು. ಆಶ್ರಮವೆಂದರೆ ಸೋಗೆ ಹೊದೆಸಿದ ಎರಡು ಮಾಡು, ಒಂದು ಸಿಹಿನೀರಿನ ಬಾವಿ, ಒಂದು ಹಳೆಯ ದೋಣಿ.

ಗುರುಗಳು ಕಾವಿ ಉಡುವ ಮೊದಲು ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುತ್ತಿದ್ದವರು. ಆ ಸುದ್ದಿ ಕೇಳಿಯೇ ಸುಮೇಧ ಎಂಬ ತರುಣ ಘಟ್ಟ ಇಳಿದು ನಡೆದು ಬಂದ.

"ನನಗೆ ಮುಳುಗುವುದನ್ನು ಕಲಿಸಿ, ಗುರುಗಳೇ," ಎಂದ.

"ಈಜಲು ಬರುತ್ತದಾ?"

"ಇಲ್ಲ."

"ಹಾಗಾದರೆ ಅರ್ಧ ವಿದ್ಯೆ ಆಗಲೇ ಬಂದಿದೆ," ಎಂದರು ಗುರುಗಳು.

ಸುಮೇಧನಿಗೆ ನಗು ಬರಲಿಲ್ಲ. ಅವನು ನಗುವ ಸ್ಥಿತಿಯಲ್ಲಿ ಇರಲಿಲ್ಲ.

"ನಮ್ಮಪ್ಪ ಊರೂರು ತಿರುಗಿ ಪುರಾಣ ಹೇಳುತ್ತಿದ್ದರು. ಈ ಅಳಿವೆಯ ಮುಂದೆ ಕಡಲಡಿಯಲ್ಲಿ ಏಳು ಬೀದಿಗಳ ಪಟ್ಟಣವಿದೆ, ಸುವರ್ಣಕೂಲ ಅಂತ ಅದರ ಹೆಸರು ಎನ್ನುತ್ತಿದ್ದರು. ಜನ ನಕ್ಕರು. ಮುಳುಗುಭಟ್ಟರು ಎಂದು ಹೆಸರಿಟ್ಟರು. ಆಮೇಲೆ ಅವರ ಪುರಾಣಕ್ಕೆ ಯಾರೂ ಬರಲಿಲ್ಲ. ಸಾಯುವಾಗ ನನ್ನ ಕೈ ಹಿಡಿದು, ಅಲ್ಲಿಂದ ಒಂದು ಕಲ್ಲು ತಂದು ನಕ್ಕವರ ಎದುರಿಗೆ ಇಡು ಎಂದರು. ಒಂದೇ ಒಂದು ಕಲ್ಲು."

"ಸಿಗದಿದ್ದರೆ?"

"ನಮ್ಮಪ್ಪ ಸುಳ್ಳುಗಾರರಾಗಿಯೇ ಉಳಿಯುತ್ತಾರೆ."

ಗುರುಗಳು ಎದ್ದು ಬಾವಿಯಿಂದ ಒಂದು ಚೆಂಬು ನೀರು ತಂದು ಅವನಿಗೆ ಕೊಟ್ಟರು.

"ನಾಳೆ ಬೆಳಿಗ್ಗೆ ಕಚ್ಚೆ ಬಿಗಿದು ಬಾ," ಎಂದರು.

ಈಜು ಕಲಿಯಲು ಒಂದು ಬೇಸಿಗೆ ಹಿಡಿಯಿತು. ಉಸಿರು ಹಿಡಿಯಲು ಇನ್ನೊಂದು. ಆಳಕ್ಕೆ ಇಳಿದಾಗ ಕಿವಿ ಸಿಡಿದುಹೋಗುವಂತೆ ನೋಯುತ್ತಿತ್ತು. ಸುಮೇಧ ಹಲ್ಲು ಕಚ್ಚಿ ಕಲಿತ.

ಒಂದು ದಿನ ನಡುನೀರಿನಲ್ಲಿ ದೋಣಿ ನಿಲ್ಲಿಸಿ ಗುರುಗಳು ಕೇಳಿದರು.

"ಇವತ್ತು ನಿಂತ ಜಾಗಕ್ಕೇ ನಾಳೆ ಬರಬೇಕು. ಏನನ್ನು ನೋಡುತ್ತೀ?"

"ನೀರನ್ನು."

ಗುರುಗಳು ದೋಣಿಯ ಹುಟ್ಟಿನಿಂದ ಅವನ ಮುಖಕ್ಕೆ ನೀರು ಎರಚಿದರು.

"ದಡವನ್ನು," ಎಂದರು. "ದೂರದ್ದೊಂದು, ಹತ್ತಿರದ್ದೊಂದು. ಎರಡೂ ಒಂದೇ ಗೆರೆಯಲ್ಲಿ ಬರಬೇಕು. ಹಾಗೆಯೇ ಪಕ್ಕದಿಂದ ಇನ್ನೊಂದು ಗೆರೆ. ಎರಡು ಗೆರೆ ಕೂಡುವಲ್ಲಿ ನಿನ್ನ ಜಾಗ. ಇಲ್ಲಿಯ ಮೀನುಗಾರರೆಲ್ಲ ಗುರುತು ಹಿಡಿಯುವುದು ಹೀಗೇ."

ಮಳೆಗಾಲಕ್ಕೆ ಇನ್ನೇನು ನಾಲ್ಕು ದಿನವಿದೆ ಎನ್ನುವಾಗ, ದಡದಿಂದ ಒಂದು ಕೂಗಳತೆ ದೂರದಲ್ಲಿ, ಸುಮೇಧ ನೀರಿನಿಂದ ತಲೆ ಎತ್ತಿ ಕಿರುಚಿದ.

"ಮೆಟ್ಟಿಲು! ಗುರುಗಳೇ, ಕಡಿದ ಕಲ್ಲಿನ ಮೆಟ್ಟಿಲು!"

"ಎಷ್ಟು?"

"ನಾಲ್ಕು!"

"ಐದಿರಬೇಕು. ಒಂದು ಮರಳಲ್ಲಿ ಹೂತಿದ್ದೀತು."

ಸುಮೇಧ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಆಗಲೇ ಏಳೂ ಬೀದಿಗಳು ತೆರೆದುಕೊಂಡಿದ್ದವು.

ಕಲ್ಲು ಎಬ್ಬಿಸಲು ಹಾರೆ ಬೇಕಿತ್ತು, ಗಟ್ಟಿ ಹಗ್ಗ ಬೇಕಿತ್ತು. ದೋಣಿಯಲ್ಲಿ ಎರಡೂ ಇರಲಿಲ್ಲ. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು.

"ಗುರುತು ಹಿಡಿದುಕೋ, ಹೊರಡೋಣ," ಎಂದರು ಗುರುಗಳು.

ಸುಮೇಧ ದಡ ನೋಡಿದ. ಒಂದು ಕಡೆ ಆಶ್ರಮದ ಮಾಡು ಕರಿಬಂಡೆಯ ನೆತ್ತಿಗೆ ಸರಿಯಾಗಿ ಕಂಡಿತು. ಇನ್ನೊಂದು ಕಡೆ ಗುಡ್ಡದ ಸೀಳು ದಂಡೆಯಲ್ಲಿದ್ದ ಬಚ್ಚಜ್ಜಿ ಎಂಬ ಮುದುಕಿಯ ತೆಂಗಿನ ಮರದ ತುದಿಗೆ ಸರಿಯಾಗಿ ಕಂಡಿತು.

"ಗಟ್ಟಿ ಗುರುತೇ?"

"ಗಟ್ಟಿ, ಗುರುಗಳೇ."

ಎಣಿಸಿದ್ದಕ್ಕಿಂತ ಮೊದಲೇ, ಮರುದಿನವೇ ಮಳೆ ಹಿಡಿಯಿತು. ಮಳೆಗಾಲದಲ್ಲಿ ಆ ಕಡಲಿಗೆ ಯಾರೂ ದೋಣಿ ಇಳಿಸುವುದಿಲ್ಲ.

ಸುಮೇಧ ದಿನಾ ಬೆಳಿಗ್ಗೆ ದಂಡೆಗೆ ಬಂದು, ಗುಡ್ಡದ ಸೀಳನ್ನೂ ತೆಂಗಿನ ಮರವನ್ನೂ ನೋಡಿ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದ.

ಮರದ ಬುಡದಲ್ಲೇ ಬಚ್ಚಜ್ಜಿಯ ಮನೆ. ಮೀನುಗಾರರ ಕೇರಿಯ ಹಿರಿಯಳು. ಆ ಇಡೀ ದಂಡೆಯಲ್ಲಿ ಗುರುಗಳನ್ನು 'ದುಗ್ಗ' ಎಂದು ಕರೆಯುವ ಧೈರ್ಯ ಇದ್ದದ್ದು ಅವಳೊಬ್ಬಳಿಗೆ.

"ಎಂತ ಮಾಣಿ, ದಿನಾ ನಮ್ ಮರ ಕಾಂಬುದು? ಕಾಯಿ ಬೇಕಾ?" ಎಂದು ಅವಳು ಜಗಲಿಯಿಂದ ಕೂಗುವಳು.

"ಬೇಡ ಅಜ್ಜಿ, ಸುಮ್ಮನೆ," ಎಂದು ಅವನು ಹೊರಟುಬಿಡುವನು.

ಆಷಾಢದ ಅಮಾವಾಸ್ಯೆಯ ಹೊತ್ತಿಗೆ ಎಂಟು ದಿನ ಎಡೆಬಿಡದೆ ಸುರಿಯಿತು. ಮಾರು ದೂರದ್ದೂ ಕಾಣಲಿಲ್ಲ. ಒಂಬತ್ತನೆಯ ದಿನ ಮಳೆ ಹೊಳವಾದಾಗ ತೆಂಗಿನ ಮರ ಇರಲಿಲ್ಲ. ಕಡಲು ದಂಡೆಯನ್ನು ಕೊರೆದು ಮರವನ್ನು ಎಳೆದುಕೊಂಡು ಹೋಗಿತ್ತು.

ನೂಲ ಹುಣ್ಣಿಮೆಗೆ ಊರವರು ಕಡಲಿಗೆ ಹಾಲೆರೆದು, ಕಾಯಿ ಬಿಟ್ಟು, ದೋಣಿ ಇಳಿಸಿದರು. ಸುಮೇಧ ಎಲ್ಲರಿಗಿಂತ ಮೊದಲು ಹೊರಟ. ನಾಲ್ಕು ದಿನ ಮುಳುಗಿದ. ಅಂದಾಜಿನ ಮೇಲೆ ಹತ್ತು ಮಾರು ಆಚೆ, ಹತ್ತು ಮಾರು ಈಚೆ. ಎಲ್ಲಿ ಮುಳುಗಿದರೂ ಮರಳೇ.

ಐದನೆಯ ದಿನ ಬೆಳಿಗ್ಗೆ ಗುರುಗಳ ಮುಂದೆ ಬಂದು ಕುಸಿದು ಕೂತ.

"ಮರ ಹೋಯಿತು, ಗುರುಗಳೇ. ನನ್ನ ಗುರುತೇ ಹೋಯಿತು."

"ಅಜ್ಜಿಯ ಮನೆ?"

ಸುಮೇಧ ನಾಲ್ಕು ದಿನ ಅದೇ ದಡವನ್ನು ಕಣ್ಣು ಕೀಲಿಸಿ ನೋಡಿದ್ದ. ಮನೆ ಇದೆಯೋ ಇಲ್ಲವೋ ಹೇಳಲು ಬರಲಿಲ್ಲ.

"ಆ ಮರ ಕಡಲ ಕಡೆಗೆ ಎಷ್ಟು ವಾಲಿತ್ತು?"

"ಗಮನಿಸಲಿಲ್ಲ."

"ದಿನಾ ನೋಡುತ್ತಿದ್ದೆಯಲ್ಲ."

"ಗುರುತು ಅಂತ ನೋಡುತ್ತಿದ್ದೆ."

"ಹೂಂ," ಎಂದರು ಗುರುಗಳು. "ಮರ ಎಲ್ಲಿತ್ತು ಅಂತ ಗೊತ್ತಿರುವವಳು ಇದ್ದಾಳೆ. ಹೋಗಿ ಕೇಳು," ಎಂದರು.

ಮನೆ ಇತ್ತು. ಜಗಲಿ ಇರಲಿಲ್ಲ. ಸಾಲಿನ ಉಳಿದ ಮನೆಯವರು ಆಗಲೇ ಗಂಟುಮೂಟೆ ಕಟ್ಟಿ ಹಿಂದಿನ ದಿಣ್ಣೆ ಹತ್ತಿದ್ದರು. ಅಜ್ಜಿಯ ಮಗ ಸೊಸೆ ದಿಣ್ಣೆಯ ಮೇಲೆ ಹೊಸ ಮಾಡು ಕಟ್ಟುತ್ತಿದ್ದರು. ಅಜ್ಜಿ ಅಂಗಳದಲ್ಲಿ ಒಂದು ಒರಳುಕಲ್ಲಿನ ಪಕ್ಕ ಕೂತಿದ್ದಳು.

"ಎಲ್ಲ ಹೊತ್ತಾಯ್ತ್ ಮಾಣಿ. ಈ ಒರಳ್ ಒಂದ್ ಬಾಕಿ. ಮಗ ಬಂದ್ ಹೊತ್ಕಂಡ್ ಹೋತ," ಎಂದಳು. "ನಮ್ಮಲ್ಲಿ ಹೊಸ ಜಾಗಕ್ಕೆ ಒರಳ್ ಕೂರ್ಸಿ, ಅಕ್ಕಿ ರುಬ್ಬಿದ್ ಮೇಲೇ ಅದ್ ಮನಿ. ಅಲ್ಲಿವರಿಗೆ ಬರೀ ಮಾಡ್."

ಸುಮೇಧ ನಿಂತಲ್ಲೇ ತನ್ನ ಕಥೆ ಹೇಳಿದ. ಅಪ್ಪ, ಪಟ್ಟಣ, ಮೆಟ್ಟಿಲು, ಗುರುತು.

ಅಜ್ಜಿ ಕೇಳಿದ್ದು ಒಂದೇ ಮಾತು.

"ಸಾಯ್ವಾಗ ಅಪ್ಪ ಹೇಳಿದ್ದಾ?"

"ಹೌದು ಅಜ್ಜಿ."

"ಹಂಗಾರೆ ಬಾ."

ಅವಳು ಅಂಗಳದ ಮೂಲೆಯಲ್ಲಿ ಬಿಟ್ಟುಹೋಗಿದ್ದ ಒಂದು ಹಳೆಯ ಹುಟ್ಟಿಗೆ ಕೆಂಪು ಬಟ್ಟೆ ಕಟ್ಟಿ, ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿಗೆ ಇಳಿದಳು. ಕಾಲಿನಿಂದ ತಡಕಾಡಿ ಮರಳಲ್ಲಿ ಉಳಿದಿದ್ದ ಮರದ ಬೇರು ಹುಡುಕಿದಳು. ಅದರ ಮೇಲೆ ನಿಂತು ಹುಟ್ಟನ್ನು ನೆಟ್ಟಗೆ ಹಿಡಿದಳು.

"ಇಲ್ಲೇ ಮರ ಇದ್ದದ್. ನಾ ನಿಂತಿರ್ತೆ. ನೀ ಹೋಯ್ ಕಾಣ್."

"ನೀರು ಏರಿದರೆ?"

"ಬೇಗ ಬಾ, ಮತ್ತೆಂತ?"

ಗುರುಗಳು ದೋಣಿಯಲ್ಲಿ ಕಾಯುತ್ತಿದ್ದರು. ಇಬ್ಬರೂ ಹುಟ್ಟು ಹಾಕಿದರು. ಆಶ್ರಮದ ಮಾಡು ಕರಿಬಂಡೆಯ ನೆತ್ತಿಗೆ ಬಂತು. ಮೆಲ್ಲಗೆ ಸರಿದು ಸರಿದು, ಗುಡ್ಡದ ಸೀಳು ಕೆಂಪು ಬಟ್ಟೆಯ ಮೇಲೆ ಬಂದು ನಿಂತಿತು.

"ಸರಿ ಬಂತಾ?"

"ಬಂತು!" ಸುಮೇಧ ಅಂಚಿಗೆ ಬಗ್ಗಿದ. ನೀರು ತಿಳಿಯಾಗಿತ್ತು. ಕೆಳಗೆ ಮಸುಕಾಗಿ ಮೆಟ್ಟಿಲ ಅಂಚು ಕಂಡಿತು.

ಹಾರೆಯನ್ನು ಕೈಗೆತ್ತಿಕೊಂಡ. ಹಗ್ಗವನ್ನು ಸೊಂಟಕ್ಕೆ ಬಿಗಿದ. ಖಾತ್ರಿಗೆಂದು ಕೊನೆಯ ಸಲ ದಡ ನೋಡಿದ.

ಉಬ್ಬರ ಶುರುವಾಗಿತ್ತು. ನೀರು ಅಜ್ಜಿಯ ಸೊಂಟಕ್ಕೆ ಬಂದಿತ್ತು. ಒಂದು ತೆರೆ ಎದೆಗೆ ಬಡಿಯಿತು, ಹುಟ್ಟು ವಾಲಿತು, ಅವಳು ಮತ್ತೆ ನೆಟ್ಟಗೆ ಹಿಡಿದಳು. ಅವಳ ಹಿಂದೆ ಅಡುಗೆಮನೆಯ ಗೋಡೆ ಕರಗಿ ನೀರಿಗೆ ಜಾರುತ್ತಿತ್ತು. ಒರಳುಕಲ್ಲಿನ ಸುತ್ತ ನೊರೆ ಕಟ್ಟಿತ್ತು. ಅವಳು ಹಿಂದೆ ತಿರುಗಿ ನೋಡಲಿಲ್ಲ. ತಿರುಗಿದರೆ ಗುರುತು ಅಲುಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಅಜ್ಜೀ, ಹಿಂದೆ ಹೋಗಿ!" ಎಂದು ಸುಮೇಧ ಕೂಗಿದ. ಗಾಳಿ ದಡದಿಂದ ಬೀಸುತ್ತಿತ್ತು. ಮಾತು ಮುಟ್ಟಲಿಲ್ಲ.

"ಮುಳುಗು," ಎಂದರು ಗುರುಗಳು. "ದಡ ಕರಗುತ್ತಿದೆ. ಈ ಗುರುತು ಇನ್ನೊಂದು ಸಲ ಸಿಗುವುದಿಲ್ಲ."

ಸುಮೇಧ ಕೆಳಗೆ ನೋಡಿದ. ಎರಡು ಆಳು ನೀರು, ಅಷ್ಟೇ. ಅಪ್ಪನ ಕೈಯ ಬಿಸಿ ಇನ್ನೂ ಅಂಗೈಯಲ್ಲಿದ್ದಂತೆ ಅನ್ನಿಸಿತು.

ಹಗ್ಗ ಬಿಚ್ಚಿ ದೋಣಿಯೊಳಗೆ ಎಸೆದ. ಅಳುತ್ತಲೇ ಹುಟ್ಟು ಹಿಡಿದು ದೋಣಿಯನ್ನು ದಡಕ್ಕೆ ತಿರುಗಿಸಿದ.

ಗುರುಗಳು ತಮ್ಮ ಹುಟ್ಟನ್ನು ನೀರಿಗಿಳಿಸಿದರು. ಎಪ್ಪತ್ತು ದಾಟಿದವರು ಹಾಗೆ ಹುಟ್ಟು ಹಾಕುವುದನ್ನು ಸುಮೇಧ ಎಲ್ಲೂ ನೋಡಿರಲಿಲ್ಲ.

ರಟ್ಟೆ ಹಿಡಿದು ದಡಕ್ಕೆ ಎಳೆದರೆ ಅಜ್ಜಿ ಬೈಯಲು ಶುರುಮಾಡಿದಳು.

"ಇಷ್ಟ್ ಬೇಗ ಬಂದದ್ ಎಂತಕ್ಕೆ? ಕಲ್ಲ್ ಎಲ್ಲಿತ್ತ್?"

"ಮುಳುಗಲಿಲ್ಲ ಅಜ್ಜಿ."

ಅಜ್ಜಿ ಗುರುಗಳ ಮುಖ ನೋಡಿದಳು. ಗುರುಗಳು ಪಂಚೆ ಹಿಂಡಿಕೊಳ್ಳುತ್ತಿದ್ದರು.

ಒರಳುಕಲ್ಲು ಅರ್ಧ ನೀರಿನಲ್ಲಿತ್ತು. ಸುಮೇಧ ಕೈಯಲ್ಲೇ ಮರಳು ಬಗೆದು ಎಬ್ಬಿಸಿದ. ಮೆಟ್ಟಿಲ ಕಲ್ಲು ಕಟ್ಟಲು ತಂದಿದ್ದ ಹಗ್ಗದಲ್ಲೇ ಅದನ್ನು ಬಿಗಿದು ಬೆನ್ನಿಗೆ ಹಾಕಿಕೊಂಡ. ಸಣ್ಣ ಒರಳೇ, ಆದರೂ ಇಬ್ಬರು ಹೊರುವ ಭಾರ. ರುಬ್ಬುವ ಗುಂಡನ್ನು ಗುರುಗಳು ಹೆಗಲಿಗೇರಿಸಿದರು.

ದಿಣ್ಣೆ ಹತ್ತುವಾಗ ಒರಳಿನ ತಳ ಅವನ ಬೆನ್ನಿಗೆ ಚುಚ್ಚತೊಡಗಿತು. ಕೈ ಹಿಂದೆ ಹಾಕಿ ಸವರಿದ. ಬೆರಳು ಕೊಯ್ದು ರಕ್ತ ಬಂತು.

"ಅಜ್ಜಿ, ಇದರ ತಳಕ್ಕೆ ಕಡಲ ಚಿಪ್ಪು ಅಂಟಿದೆ."

"ಹಾಂ. ಎಷ್ಟ್ ಕೆರೆದ್ರೂ ಹೋತಿಲ್ಲೆ."

"ಇದು ಕಡಲಲ್ಲಿತ್ತಾ?"

"ಎರಡ್ ಮಳೆಗಾಲ," ಎಂದಳು ಅಜ್ಜಿ, ಏದುಸಿರಿನ ನಡುವೆ. "ನಾ ಮದುವಿ ಆಯ್ ಬಂದ್ ವರ್ಷ ಊರ್ ಊರೇ ಹೋಯ್ತ್. ಹದಿನೇಳ್ ಮನಿ. ನಮ್ ಮನಿಗೆ ಕಡ್ದ ಕಲ್ಲಿನ್ ಮೆಟ್ಲ್ ಇತ್ತ್, ಊರಿಗೆಲ್ಲ ನಮ್ದೇ ಚಂದ. ನಮ್ಮತ್ತಿ ಈ ಒರಳಿಗಾಗಿ ಅತ್ತದ್ದೇ ಅತ್ತದ್. ಕಡಿಗೆ ದುಗ್ಗ ಮುಳ್ಗಿ ತಂದ."

ಸುಮೇಧ ನಿಂತುಬಿಟ್ಟ. ಬೆನ್ನ ಮೇಲಿನ ಭಾರ ಒಮ್ಮೆಲೇ ಬೇರೆಯಾಯಿತು.

"ಗುರುಗಳೇ, ಆ ಮೆಟ್ಟಿಲು..."

"ಐದು," ಎಂದರು ಗುರುಗಳು. "ಇಳಿತದ ಹೊತ್ತಿಗೆ ಒರಳನ್ನು ದೋಣಿಗೆ ಬಿಗಿದೆ. ಉಬ್ಬರ ಬಂದು ತಾನೇ ಎತ್ತಿಕೊಟ್ಟಿತು."

"ಮೊದಲ ದಿನವೇ ಏಕೆ ಹೇಳಲಿಲ್ಲ?"

"ನೀನು ಏಳು ಬೀದಿ ಕೇಳಿದೆ. ನಮ್ಮದು ಒಂದೇ ಬೀದಿ. ಅದಕ್ಕಾಗಿ ಘಟ್ಟ ಇಳಿದು ಬರುತ್ತಿದ್ದೆಯಾ?"

ಸುಮೇಧ ಹಗ್ಗ ಸರಿಮಾಡಿಕೊಂಡು ಮತ್ತೆ ಹತ್ತತೊಡಗಿದ.

"ಅದರ ಕೆಳಗೆ ನಿಮ್ಮಪ್ಪನ ಪಟ್ಟಣವೂ ಇದ್ದೀತು," ಎಂದರು ಗುರುಗಳು, ಗುಂಡನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ. "ನಾನು ಅಷ್ಟು ಆಳಕ್ಕೆ ಹೋದವನಲ್ಲ. ನನಗೆ ಒರಳು ಸಿಕ್ಕಿತು, ಮೇಲೆ ಬಂದೆ."

ದಿಣ್ಣೆಯ ಮೇಲೆ ಹೊಸ ಮಾಡಿನ ಮೂಲೆಯಲ್ಲಿ ಒರಳಿಗೆಂದು ಗುಳಿ ತೋಡಿಟ್ಟಿದ್ದರು. ಸೊಸೆ ನೆನೆಸಿದ ಅಕ್ಕಿಯ ಪಾತ್ರೆ ಹಿಡಿದು ಕಾಯುತ್ತಿದ್ದಳು. ಅವಳ ಸೆರಗು ಹಿಡಿದು ಎರಡು ಮಕ್ಕಳು ಹಸಿದು ನಿಂತಿದ್ದವು.

ಸುಮೇಧ ಗುಳಿಯ ಮುಂದೆ ಮೊಣಕಾಲೂರಿ ಹಗ್ಗ ಬಿಚ್ಚಿದ. ಆದರೆ ಕಲ್ಲನ್ನು ಇಳಿಸಲಿಲ್ಲ. ಎರಡೂ ಕೈಯಿಂದ ಎದೆಗವಚಿಕೊಂಡು ಕೂತ. ತಡೆಯಲಾಗದೆ ಅತ್ತ.

"ಮುಳುಗಿದ ಊರಿನ ಕಲ್ಲು," ಎಂದ. "ನೀರಿನಡಿಯಿಂದಲೇ ಬಂದದ್ದು. ಇದನ್ನು ಒಂದು ಸಲ, ಒಂದೇ ಸಲ ನಮ್ಮೂರಿಗೆ ಹೊತ್ತುಕೊಂಡು ಹೋಗಿ ಅವರ ಎದುರಿಗೆ ಇಟ್ಟರೆ..."

ಕಲ್ಲನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ.

ಯಾರೂ ನಗಲಿಲ್ಲ. ಅಜ್ಜಿ ಸೊಸೆಯ ಕಡೆ ನೋಡಿದಳು. ಸೊಸೆ ಅಕ್ಕಿಯ ಪಾತ್ರೆಯ ಕಡೆ ನೋಡಿದಳು.

"ಅಪ್ಪನ್ ಮಾತ್ ಅಲ್ದಾ," ಎಂದಳು ಅಜ್ಜಿ ಕೊನೆಗೆ, ಮೆಲ್ಲಗೆ. "ತಕಂಡ್ ಹೋಗ್ ಮಾಣಿ."

ಸುಮೇಧ ತಲೆ ಎತ್ತಿ ಗುರುಗಳನ್ನು ನೋಡಿದ.

ಗುರುಗಳು ಹೆಗಲ ಮೇಲಿನ ಗುಂಡನ್ನು ಗುಳಿಯ ಪಕ್ಕಕ್ಕೆ ಇಳಿಸಿದರು. ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವನ ಕೊಯ್ದ ಬೆರಳನ್ನು ತಮ್ಮ ಪಂಚೆಯ ತುದಿಯಿಂದ ಒರೆಸಿದರು.

"ನಿಮ್ಮಪ್ಪ ಸುಳ್ಳು ಹೇಳಿಲ್ಲ," ಎಂದರು. "ಕಲ್ಲು ಕೆಳಗಿಡು, ಅಜ್ಜಿ ಅಕ್ಕಿ ರುಬ್ಬಬೇಕು."