ಕೇಳಿ ಬರುವವಳು

ಇಂದುಧರ ತನಗೆ ಅಕ್ಷರ ಕಲಿಸಿದ ಅಕ್ಕೋರನ್ನು ಕೇಳಿದ:

"ಅಕ್ಕೋರೇ, ನಾವು ಹತ್ತು ಜನ ಸೇರಿ ಒಂದು ತಂತ್ರಾಂಶ ಮಾಡುತ್ತಿದ್ದೇವೆ. ಕಣ್ಣು ಕಾಣದ ಮಕ್ಕಳಿಗೆ ಅದು ಪಾಠ ಓದಿ ಹೇಳುತ್ತದೆ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ನಮಗೆ ಸಂಬಳವಿಲ್ಲ, ಬೇಕೂ ಇಲ್ಲ. ಆದರೆ ಅದರೊಳಗೆ ಎಲ್ಲೆಲ್ಲಿಯವರೋ ಬರೆದಿಟ್ಟ ನೂರಾರು ಕೋಡ್ ತುಣುಕುಗಳಿವೆ. ಒಂದೊಂದನ್ನೂ ಯಾರು ಬರೆದರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂದು ಲೈಸೆನ್ಸ್ ಓದಿ ನೋಡಬೇಕು. ತಿಳಿಯದಿದ್ದರೆ ಪತ್ರ ಬರೆದು ಕೇಳಬೇಕು. ತಲೆ ಚಿಟ್ಟು ಹಿಡಿಯುವ ಕೆಲಸ. ಫಕೀರೇಶ ಎಂಬವನೊಬ್ಬನೇ ನಾಲ್ಕು ವರ್ಷದಿಂದ ಅದನ್ನು ಮಾಡುತ್ತಿದ್ದಾನೆ. ಈಗ ಎಲ್ಲರೂ ಹಂಚಿಕೊಳ್ಳೋಣ ಎನ್ನುತ್ತಾನೆ. ಅವನಿಗೆ ಅದರಲ್ಲಿ ಕೈ ಕುದುರಿದೆ, ನಮಗೆ ಕೋಡ್ ಬರೆಯುವುದರಲ್ಲಿ. ಅವರವರಿಗೆ ಬಂದದ್ದನ್ನು ಅವರವರು ಮಾಡಿದರೆ ತಪ್ಪೇನು?"

ಅಕ್ಕೋರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ತಪ್ಪು ಒಪ್ಪು ಆಮೇಲೆ ನೋಡೋಣ. ಮೊದಲು ಬಾಯಿ ಮುಚ್ಚಿಕೊಂಡು ಕೇಳು" ಎಂದರು.

ಒಂದು ಓಣಿಯಲ್ಲಿ ಎಂಟು ಹೆಂಗಸರಿದ್ದರು. ರವಿವಾರ ಮಧ್ಯಾಹ್ನ ಉಂಡು, ಮುಸುರೆ ತೊಳೆದು, ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದರು. ಮನೆಮನೆಯಿಂದ ಬಂದ ಹಳೆಯ ಸೀರೆ, ಧೋತರಗಳನ್ನು ತುಂಡು ಮಾಡಿ, ಒಂದರ ಮೇಲೊಂದು ಹಾಸಿ ದಾರ ಹಾಕುವುದು. ಆ ಕೌದಿ ಯಾರೊಬ್ಬರದೂ ಅಲ್ಲ. ಓಣಿಯಲ್ಲಿ ಯಾರು ಹೆತ್ತರೂ ಆ ಬಾಣಂತಿಯ ಮನೆಗೆ ಹೋಗುತ್ತಿತ್ತು. ಎಂಟರಲ್ಲಿ ಕೊನೆಗೆ ಸೇರಿದವಳು ನಾನು. ಆಗ ನನಗೆ ಇಪ್ಪತ್ತೆರಡು. ಆ ಓಣಿ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ಆ ಮಧ್ಯಾಹ್ನಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಅಷ್ಟು ಚೆನ್ನಾಗಿದ್ದವು.

ಅಲ್ಲಿ ಒಂದು ರೂಢಿ ಇತ್ತು. ಕೇಳದೆ ಯಾವ ಬಟ್ಟೆಗೂ ಕತ್ತರಿ ಹಾಕಬಾರದು. ಗಂಟು ತಂದುಕೊಟ್ಟವರನ್ನು ಕೇಳಿದರೆ ಸಾಲದು, ಬಟ್ಟೆ ಉಟ್ಟವರನ್ನು ಕೇಳಬೇಕು. ಅವರಿಲ್ಲದಿದ್ದರೆ ಅವರ ಮಕ್ಕಳನ್ನು. ಒಬ್ಬರು, ಅವ್ವನ ಸೀರೆ, ಕಾಲ ಕಡೆ ಬರಬಾರದು ಎನ್ನುತ್ತಿದ್ದರು. ಇನ್ನೊಬ್ಬರು, ಕೌದಿ ಮಾರುವುದಾದರೆ ನಮ್ಮದು ಬೇಡ ಎನ್ನುತ್ತಿದ್ದರು. ಕೆಲವರು ಕೂರಿಸಿ ನೀರು ಕೊಟ್ಟು, ಊರ ಸುದ್ದಿಯೆಲ್ಲ ಹೇಳಿ, ಕೊನೆಗೆ ನಾಳೆ ಬಾ ಎನ್ನುತ್ತಿದ್ದರು. ಯಾರಿಗೆ ಬೇಕಾಗಿತ್ತು ಆ ತಿರುಗಾಟ?

ದ್ಯಾಮವ್ವ ಎಂಬವಳು ಹೋಗುತ್ತಿದ್ದಳು. ಅವಳೂ ಹೊಲಿಯಲೆಂದೇ ಬಂದವಳಂತೆ. ನಾನು ಸೇರುವ ಮೊದಲಿನ ಮಾತು. "ನಿನ್ನ ಮಾತು ಮೆತ್ತಗೈತಿ, ಇದೊಂದು ಸಲ ನೀನೇ ಕೇಳಿ ಬಾರವ್ವಾ" ಎಂದು ಯಾರೋ ಅಂದರಂತೆ. ಅದೊಂದು ಸಲ ಹನ್ನೊಂದು ವರ್ಷವಾಯಿತು. ನಾನಿದ್ದಾಗಲೇ ಅವಳು ಎರಡು ಬಾರಿ, ಈ ವಾರ ನೀವು ಯಾರಾದರೂ ಹೋಗಿ, ನಾನು ಕೂತು ಒಂದಿಷ್ಟು ಹೊಲಿಯುತ್ತೇನೆ ಎಂದಳು. ನಾವು ನಕ್ಕೆವು. ನಿನ್ನ ಹಾಗೆ ಕೇಳಲು ನಮಗೆಲ್ಲಿ ಬರುತ್ತದೆ ಎಂದೆವು. ಹೊಗಳುತ್ತಿದ್ದೇವೆ ಎಂದೇ ತಿಳಿದಿದ್ದೆವು, ನೋಡು.

ಒಂದು ಚಳಿಗಾಲ ದ್ಯಾಮವ್ವ ಜ್ವರ ಬಂದು ಹಾಸಿಗೆ ಹಿಡಿದಳು. ತುದಿಮನೆಯ ಹುಡುಗಿಗೆ ದಿನ ತುಂಬಿತ್ತು. ಕೌದಿಯ ನಡುವಿಗೆ ಒಂದು ತುಂಡು ಕಡಿಮೆ ಬಿತ್ತು. ಒಬ್ಬ ಮುದುಕಿ ತಂದುಕೊಟ್ಟ ಗಂಟಿನಲ್ಲಿ ನೀಲಿ ಸೀರೆಯೊಂದಿತ್ತು. ತಾನಾಗಿ ಕೊಟ್ಟಿದ್ದಾಳಲ್ಲ, ಇನ್ನೇನು ಕೇಳುವುದು ಎಂದು ಕತ್ತರಿ ಹಾಕಿದರು. ಹಾಕಿದರು ಯಾಕೆ, ಹಾಕಿದವಳು ನಾನೇ.

ಕೂಸು ಹುಟ್ಟಿತು. ನೋಡಲು ಬಂದವರಲ್ಲಿ ಆ ಮುದುಕಿಯ ಸೊಸೆಯೂ ಇದ್ದಳು. ಕೂಸಿನ ಕೆಳಗಿನ ಕೌದಿ ನೋಡಿ ಅದರ ನೀಲಿ ತುಂಡಿನ ಮೇಲೆ ಕೈಯಿಟ್ಟಳು. "ಇದು ನನ್ನ ಹಡೆದವ್ವಂದು, ಅತ್ತಿ ನನಗ ಹೇಳದ ಕೊಟ್ಟಾಳ. ಅಕಿ ಹೋದಮ್ಯಾಲೆ ನನಗ ಉಳಿದದ್ದು ಇದೊಂದೇ" ಎಂದಳು. ಬಾಣಂತಿ ಕೂಸನ್ನು ಎತ್ತಿಕೊಂಡು ಕೌದಿಯನ್ನು ನಮ್ಮ ಕೈಗೆ ಕೊಟ್ಟುಬಿಟ್ಟಳು.

ನಡುವಿನ ತುಂಡು ತೆಗೆಯಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು. ಕೊನೆಗೆ ಹಾಕುವ ದಾರ ಎಲ್ಲ ತುಂಡುಗಳನ್ನೂ ಹಿಡಿದು ಅಂಚಿನಿಂದ ಅಂಚಿಗೆ ಹೋಗಿರುತ್ತದೆ. ಎಂಟು ತಿಂಗಳ ಹೊಲಿಗೆಯನ್ನು ಹನ್ನೆರಡು ದಿನ ಕೂತು ಬಿಚ್ಚಿದೆವು. ಆ ಚಳಿಯಲ್ಲಿ ಕೂಸು ಯಾರದೋ ರಗ್ಗಿನಲ್ಲಿ ಮಲಗಿತು. ನೀಲಿ ತುಂಡನ್ನು ಸೊಸೆಗೆ ಕೊಟ್ಟು ಬಂದೆ. ಅವಳು ಅದನ್ನು ಮಡಚಿಕೊಂಡು ಒಳಗೆ ಹೋದಳು.

ಬಿಚ್ಚುವಾಗ ಒಳಗಿನ ಪದರದಲ್ಲಿ ಹಳೆಯ ಕೌದಿಯೊಂದರ ಚೂರು ಸಿಕ್ಕಿತು. ಅದರ ಮೇಲಿನ ಹೊಲಿಗೆ ಇರುವೆ ಸಾಲಿನ ಹಾಗಿತ್ತು. ಅಂಥದನ್ನು ನಾನು ಕಂಡೇ ಇರಲಿಲ್ಲ. ಯಾರ ಕೈ ಇದು ಎಂದೆ. ಹಿರಿಯಳೊಬ್ಬಳು ತಲೆ ಎತ್ತದೆ, ದ್ಯಾಮವ್ವನದು ಎಂದಳು.

ಕೇಳಿ ಬರಬೇಕಾದ ಮನೆಗಳನ್ನು ಅವತ್ತೇ ಹಂಚಿಕೊಂಡೆವು. ತಲೆಗೆ ನಾಲ್ಕು. ಮೊದಲ ಮನೆಯಲ್ಲೇ ನನ್ನ ಮಧ್ಯಾಹ್ನವೆಲ್ಲ ಹೋಯಿತು, ಬೇಸರದಿಂದ ಅಳು ಬಂತು. ಆದರೂ ಏಳು ಜನ ಓಡಾಡಿದ್ದಕ್ಕೆ ದ್ಯಾಮವ್ವನ ಎರಡು ತಿಂಗಳ ಕೆಲಸ ಒಂದೇ ವಾರದಲ್ಲಿ ಮುಗಿಯಿತು. ಇದ್ದದ್ದು ಇಷ್ಟೇ.

ದ್ಯಾಮವ್ವ ಜ್ವರ ಬಿಟ್ಟು ಎದ್ದು ಬಂದಳು. ಅವಳನ್ನು ಕಟ್ಟೆಯ ಮೇಲೆ ನಡುವೆ ಕೂರಿಸಿ ಕೈಗೆ ಸೂಜಿ ಕೊಟ್ಟೆವು. ಅವಳ ಮುಖ ನೋಡಬೇಕಿತ್ತು ನೀನು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದಳು. ಒಂದು ಸಲ, ಎರಡು ಸಲ, ಐದು ಸಲ. ದಾರ ಪಕ್ಕಕ್ಕೇ ಹೋಯಿತು. ಹನ್ನೊಂದು ವರ್ಷದಲ್ಲಿ ಅವಳ ಕಣ್ಣು ಮಂದವಾಗಿತ್ತು, ನಮಗೆ ಗೊತ್ತೇ ಇರಲಿಲ್ಲ. ನಾನು ಪೋಣಿಸಿ ಕೊಟ್ಟೆ. ಗೇಣುದ್ದ ಹೊಲಿದಳು. ಸಾಲು ಸೊಟ್ಟಗಾಯಿತು. ಅದನ್ನು ತಾನೇ ಬಿಚ್ಚಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. "ಇರಲಿ ಬಿಡ್ರವ್ವಾ, ನಾಳೆ ನಿಮ್ಮ ಪಾಲಿನ ಮನಿಗಳನ್ನೂ ನಾನೇ ಕೇಳಿ ಬರ್ತೀನಿ" ಎಂದಳು.

ಅಕ್ಕೋರು ಸೆರಗಿನಿಂದ ಕನ್ನಡಕ ಒರೆಸತೊಡಗಿದರು.

"ಆದರೆ ಅಕ್ಕೋರೇ," ಎಂದ ಇಂದುಧರ, "ನಮ್ಮ ಫಕೀರೇಶ ಈ ಕೆಲಸಕ್ಕೆಂದೇ ಹೇಳಿ ಮಾಡಿಸಿದವನು."

ಅವರು ಕನ್ನಡಕ ಹಾಕಿಕೊಂಡು ಅವನ ಮುಖ ನೋಡಿದರು.

"ನಿಮ್ಮ ಗುಂಪಿಗೆ ಬಂದ ಹೊಸದರಲ್ಲಿ ಅವನು ಏನು ಬರೆಯುತ್ತಿದ್ದ?"

ಇಂದುಧರನಿಗೆ ನೆನಪಾಗಲಿಲ್ಲ.